ದೊರೆಸಾನಿಯ ಒಳಲೆ

ನಮ್ಮ ದೇವರ ಮನೆಯಲ್ಲಿ ಕರ್ಪೂರ ಎತ್ತುವುದಕ್ಕೆ ಒಂದು ಪುಟ್ಟ ಇಕ್ಕಳವಿದೆ. ಬೆಳ್ಳಿಯದು. ಎರಡು ತುದಿಯಲ್ಲೂ ಹಕ್ಕಿಯ ಪಾದದಂತೆ ಉಗುರುಗಳು. ಬೆರಳಿಗೆ ಕರ್ಪೂರ ಅಂಟುವುದಿಲ್ಲ, ಡಬ್ಬಿಯ ತಳದಲ್ಲಿ ಉಳಿದ ಚೂರೂ ಸಿಗುತ್ತದೆ. ಮನೆಗೆ ಬಂದವರು ಆರತಿ ತೆಗೆದುಕೊಳ್ಳುವ ಮೊದಲು ಅದನ್ನು ನೋಡುತ್ತಾರೆ. "ಎಲ್ಲಿ ಮಾಡಿಸಿದ್ರಿ, ಚಿಕ್ಕಪೇಟೇಲಾ?" ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ. ಯಾವುದೋ ದೊರೆಸಾನಿ ಚಹಾಕ್ಕೆ ಸಕ್ಕರೆಯ ಗಟ್ಟಿ ಎತ್ತಿ ಹಾಕಿಕೊಳ್ಳುತ್ತಿದ್ದ ಇಕ್ಕಳ ಅದು. ಅವಳು ಎಲ್ಲಿ ಹೋದಳೋ, ಅವಳ ಸಕ್ಕರೆ ಎಲ್ಲಿ ಕರಗಿತೋ, ಇಕ್ಕಳ ಮಾತ್ರ ವಿಜಯನಗರಕ್ಕೆ ಬಂದು ನಮ್ಮ ವೆಂಕಟರಮಣನ ಸೇವೆಗೆ ನಿಂತಿದೆ.

ಇಂಥ ಬೆಳ್ಳಿ ನಮ್ಮ ಮನೆಗೆ ಬರಲು ಶುರುವಾದದ್ದು ಒಂದು ಬೀರುವಿನ ದೆಸೆಯಿಂದ. ನಮ್ಮ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ಕಂಟೋನ್ಮೆಂಟ್ ಕಡೆ ಒಂದು ಹಳೆಯ ಹರಾಜು ಮಳಿಗೆ ಇದೆ, ಅಲ್ಲಿ ತೇಗದ ಬೀರು ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಒಂದು ಭಾನುವಾರ ಹೋದರು. ಮಧ್ಯಾಹ್ನ ಬೀರು ಬರುತ್ತದೆಂದು ನಾನೂ ಅತ್ತೆಯೂ ಹಜಾರದ ಮೂಲೆ ಗುಡಿಸಿ ಕಾದುಕೊಂಡಿದ್ದೆವು. ಬಂದದ್ದು ಒಂದು ಹಿಡಿ ಫೋರ್ಕುಗಳು, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು. "ಬೀರು ಎಲ್ಲೋ?" ಎಂದರು ಅತ್ತೆ. "ಇದನ್ನ ನೋಡಮ್ಮ, ಹಿಂದುಗಡೆ ಸಿಂಹದ ಮುದ್ರೆ ಇದೆ" ಎಂದರು ಇವರು. ಅಲ್ಲಿಗೆ ನಮ್ಮ ಮನೆಯ ಭಾನುವಾರಗಳ ಹಣೆಬರಹ ಬದಲಾಯಿತು.

ನಮ್ಮ ಕಡೆಯವರಿಗೆ ಬೆಳ್ಳಿ ಎಂದರೆ ತೂಕ. ಹಳೆಯದನ್ನು ಹಾಕಿ ಹೊಸದನ್ನು ತರುವುದು, ಅಷ್ಟೇ. ಅಜ್ಜಿಯ ಕುಂಕುಮದ ಬಟ್ಟಲು ಅಮ್ಮನ ಕಾಲಕ್ಕೆ ಲೋಟವಾಗುತ್ತದೆ, ಅಮ್ಮನ ಲೋಟ ಮಗಳ ಮದುವೆಗೆ ತಟ್ಟೆಯಾಗುತ್ತದೆ. ಅದೇ ಬೆಳ್ಳಿ ಮೈ ಬದಲಾಯಿಸಿಕೊಂಡು ಮನೆಯಲ್ಲೇ ಓಡಾಡಿಕೊಂಡಿರುತ್ತದೆ ಎಂದು ನಮ್ಮ ಸಮಾಧಾನ. ಇವರು ಹಾಗಲ್ಲ. ಭೂತಗನ್ನಡಿ ಹಿಡಿದು ಚಮಚದ ಬೆನ್ನಿನಲ್ಲಿ ಸಾಸಿವೆಯಷ್ಟು ಸಿಂಹ ಹುಡುಕುತ್ತಾ ಕೂರುತ್ತಿದ್ದರು. ಸಿಂಹವಿದ್ದರೆ ಅಸಲಿ ಬೆಳ್ಳಿ, ಇಲ್ಲದಿದ್ದರೆ ಬರೀ ಲೇಪ. ದೇವರ ಇಕ್ಕಳ ಬಿಟ್ಟರೆ ಯಾವುದನ್ನೂ ಬಳಸುವ ಹಾಗಿಲ್ಲ, ಉಜ್ಜುವ ಹಾಗಿಲ್ಲ. ಗಾಜಿನ ಬೀರುವಿನಲ್ಲಿಟ್ಟು ನೋಡಬೇಕು, ಅಷ್ಟೇ.

ಅತ್ತೆಗೆ ಈ ಕಾನೂನು ಅರ್ಥವಾಗಲೇ ಇಲ್ಲ. ಇವರು ಕೆಲಸಕ್ಕೆ ಹೋಗಿದ್ದ ಒಂದು ದಿನ ಎಲ್ಲವನ್ನೂ ಹಿತ್ತಲ ಕಲ್ಲಿನ ಮೇಲೆ ಸುರಿದುಕೊಂಡು ಹುಣಿಸೇಹಣ್ಣು, ತೆಂಗಿನ ನಾರು ಹಾಕಿ ತಿಕ್ಕಿದರು. ಸಂಜೆ ಇವರು ಬಂದು ನೋಡಿದರೆ ಫೋರ್ಕುಗಳು ಮದುವೆ ಗಂಡಿನ ಹಾಗೆ ಫಳಫಳ. ಲೇಪದ ಒಂದೆರಡು ಚಮಚಗಳಲ್ಲಿ ಒಳಗಿನ ಹಿತ್ತಾಳೆ ಇಣುಕುತ್ತಿತ್ತು.

"ಅಮ್ಮಾ! ಅದು ನೂರು ವರ್ಷದ ಕಪ್ಪು ಕಣಮ್ಮಾ!"

"ನೂರು ವರ್ಷದಿಂದ ತೊಳೆದಿಲ್ಲ ಅಂತ ಬಾಯಿಬಿಟ್ಟು ಹೇಳ್ಕೋತೀಯಲ್ಲೋ, ನಾಚಿಕೆ ಆಗಲ್ವಾ?"

ಇನ್ನೊಂದು ಸಲ ಅಗಲವಾದ ಅಲಗಿನ ಸಟ್ಟುಗ ಬಂತು. ಮೇಲೆ ಚೆಂದದ ಮೀನಿನ ಚಿತ್ರ. ಅತ್ತೆ ಅದನ್ನು ಮತ್ಸ್ಯಾವತಾರವೆಂದು ಕಣ್ಣಿಗೊತ್ತಿಕೊಂಡು, ಯುಗಾದಿಗೆ ಅದರಲ್ಲೇ ಹೋಳಿಗೆ ಮಗುಚಿದರು. ಹರಿಯದೆ ಏಳುತ್ತಿತ್ತು, ಸುಳ್ಳು ಹೇಳಬಾರದು. ಊಟಕ್ಕೆ ಕೂತಾಗ ಇವರು ಮೆಲ್ಲಗೆ, ಅದು ಬೇಯಿಸಿದ ಮೀನು ಬಡಿಸುವ ಸಟ್ಟುಗ ಎಂದರು. ಅತ್ತೆ ಕೈ ತಡೆಯಲಿಲ್ಲ. "ಮೀನು ತಿನ್ನೋದಕ್ಕೆ ಮೀನಿನ ಚಿತ್ರ ಯಾಕೋ ಬರೀತಾರೆ? ನಾವು ಹೋಳಿಗೆ ಸಟ್ಟುಗದ ಮೇಲೆ ಹೋಳಿಗೆ ಬರೀತೀವಾ? ಸುಮ್ನೆ ತುಪ್ಪ ಹಾಕ್ಕೋ" ಎಂದರು.

ನೋಡಿ, ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದೇನೆ. ಹೇಳಬೇಕಾದದ್ದು ಇದಲ್ಲ. ಹೇಳಬೇಕಾದದ್ದರ ಹತ್ತಿರ ಬರುವಾಗಲೆಲ್ಲ ನನಗೆ ಹೋಳಿಗೆಯೋ ಹುಣಿಸೇಹಣ್ಣೋ ಅಡ್ಡ ಬರುತ್ತದೆ.

ನಾನು ಹರಾಜಿಗೆ ಹೋದದ್ದು ಒಂದೇ ಸಲ. ಆಗಿನ್ನೂ ವಿಜಯನಗರದಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಬಸ್ಸು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೋದೆವು. ಎತ್ತರದ ಹೆಂಚಿನ ಮಾಡು, ಕೆಳಗೆ ಪಿಯಾನೋ, ಕಾಲಿಲ್ಲದ ಕುರ್ಚಿ, ಯಾರದೋ ಅಜ್ಜನ ಫೋಟೋ. ಒಂದು ಮೇಜಿನ ಮೇಲೆ ಬೆಳ್ಳಿ. ಇವರು ಭೂತಗನ್ನಡಿ ತೆಗೆದರು. ನಾನು ಹಿಂದೆ ಕೈಕಟ್ಟಿ ನಿಂತೆ. ಆಗ ಅದು ಕಣ್ಣಿಗೆ ಬಿತ್ತು.

ಮಾವಿನೆಲೆಯನ್ನು ದೊನ್ನೆಯ ಹಾಗೆ ಮಡಿಸಿದರೆ ಹೇಗಿರುತ್ತದೋ ಹಾಗೆ. ಅಂಗೈಯಲ್ಲಿ ಹಿಡಿಸುವಷ್ಟು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಕೊಕ್ಕು. ಪಾದವಿಲ್ಲ, ಹಿಡಿಯಿಲ್ಲ. ಪಕ್ಕದ ಚೀಟಿಯಲ್ಲಿ ಸಾಸ್ ಬೋಟ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಬರೆದವರಿಗೆ ಗೊತ್ತಿಲ್ಲ, ಪಾಪ. ನನಗೆ ಗೊತ್ತು. ಅದು ಒಳಲೆ. ಕೂಸಿಗೆ ಹಾಲು ಹುಯ್ಯುವ ಒಳಲೆ.

ನನ್ನ ತವರು ರಾಜಾಜಿನಗರದಲ್ಲಿ. ಆ ಕಾಲದ ರಾಜಾಜಿನಗರದಲ್ಲಿ ಮಣ್ಣುರಸ್ತೆ, ಸಾಲು ಮನೆಗಳು, ಮನೆಗೊಂದು ಸಂಪಿಗೆಯೋ ಸೀಬೆಯೋ. ನಮ್ಮಮ್ಮನ ಒಳಲೆಗೆ ಇಡೀ ಬೀದಿಯಲ್ಲಿ ಹೆಸರಿತ್ತು, ಏಕೆಂದರೆ ನಮ್ಮದು ಮಕ್ಕಳು ನಿಂತ ಮನೆ, ಹುಟ್ಟಿದ್ದೆಲ್ಲ ಉಳಿದಿದ್ದವು. ಯಾರ ಮನೆಯಲ್ಲಿ ಬಾಣಂತನವಾದರೂ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಂಗಡಿಯಲ್ಲಿ ಹೊಸದು ಸಿಗುತ್ತಿರಲಿಲ್ಲವೆಂದಲ್ಲ. ಹೊಸದಕ್ಕೆ ಏನು ಗೊತ್ತು? ಎಷ್ಟು ಕೂಸುಗಳ ತುಟಿ ಸೋಕಿದೆಯೋ ಅಷ್ಟು ಒಳ್ಳೆಯದು ಒಳಲೆ. ಹಿಂದಿರುಗಿಸುವಾಗ ಬರಿದಾಗಿ ಕೊಡುತ್ತಿರಲಿಲ್ಲ, ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಿದ್ದರು. ಆ ಸಕ್ಕರೆ ನೆಕ್ಕುವುದು ನನ್ನ ಹಕ್ಕಾಗಿತ್ತು.

ನನ್ನ ಕೊನೆಯ ತಂಗಿಗೆ ಅಮ್ಮ ಹರಳೆಣ್ಣೆ ಹಾಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಚ್ಚಲಲ್ಲಿ ಕಾಲು ಚಾಚಿ, ಮೊಳಕಾಲಿನ ಮೇಲೆ ಮಗುವನ್ನು ಮಲಗಿಸಿ, ಒಳಲೆಯ ಕೊಕ್ಕನ್ನು ಬಾಯಂಚಿಗೆ ಇಟ್ಟರೆ ಅದು ಕೈಕಾಲು ಝಾಡಿಸಿ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಮರುಗಳಿಗೆ ಗುಟುಕ್ ಎಂದು ಒಂದು ಸದ್ದು. ಆಮೇಲೆ ಮೌನ. ಆ ಗುಟುಕಿನ ಸದ್ದಿಗಾಗಿ ನಾನು ಬಚ್ಚಲ ಹೊಸ್ತಿಲಲ್ಲಿ ಕಾಯುತ್ತಿದ್ದೆ. ಅದೇ ತಂಗಿಯ ಮದುವೆಯಲ್ಲಿ ಒಳಲೆ ಹಳೆಯ ಬೆಳ್ಳಿಯ ಜೊತೆ ಅಂಗಡಿಗೆ ಹೋಗಿ ತಟ್ಟೆಯಾಯಿತು. ನನ್ನ ಮದುವೆಯಾಗಿ ಆಗಲೇ ಬಹಳ ವರ್ಷಗಳಾಗಿದ್ದವು. ನನಗಾಗಿ ಇಟ್ಟುಕೊಂಡು ಕಾದು ಕಾದು ಅಮ್ಮನೂ ಸೋತಿದ್ದಳು. ನಮಗೆ ಮಕ್ಕಳಾಗಲಿಲ್ಲ.

"ಅದನ್ನ ತಗೊಳ್ಳಿ" ಎಂದೆ ಇವರಿಗೆ.

ಇವರು ಎತ್ತಿ ನೋಡಿದರು. "ಸಿಂಹ ಇದೆ. ಆದ್ರೆ ಅಂಚು ಜಜ್ಜಿದೆ ನೋಡು. ಇದೇನು ತಗ್ಗು ತಗ್ಗು?"

ಕೊಕ್ಕಿನ ಬಳಿ ಅಕ್ಕಿಕಾಳಿನಷ್ಟು ತಗ್ಗುಗಳಿದ್ದವು. ಹಲ್ಲು ಬರುವ ಕೂಸು ಕಚ್ಚಿದ್ದು. ನಾನು ಹೇಳಲಿಲ್ಲ. "ತಗೊಳ್ಳೀಂದ್ರೆ ತಗೊಳ್ಳಿ" ಎಂದೆ.

ಹರಾಜು ಕೂಗುವವರು ಒಬ್ಬ ಮುದುಕರು, ಪ್ಯಾಂಟಿಗೆ ಭುಜದ ಪಟ್ಟಿ ಹಾಕಿದ್ದರು. "ಸ್ಮಾಲ್ ಸಾಸ್ ಬೋಟ್! ಲಿಟಲ್ ಡ್ಯಾಮೇಜ್! ಚಟ್ನಿ ಹಾಕ್ಬೋದು, ಕೆಚಪ್ ಹಾಕ್ಬೋದು, ನಿಮ್ಮಿಷ್ಟ ಸ್ವಾಮಿ!" ಎಂದರು. ಎದುರು ಸಾಲಿನಲ್ಲಿ ಬೆಳ್ಳಿ ಅಂಗಡಿಯವರೊಬ್ಬರಿದ್ದರು. ಅವರು ಸಿಂಹ ನೋಡುವವರಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡಿ ಕೂಗುವವರು, ಕರಗಿಸುವುದಕ್ಕೆ. ಅವರು ಕೂಗಿದರು, ಇವರು ಕೂಗಿದರು. ಮತ್ತೆ ಅವರು, ಮತ್ತೆ ಇವರು. ಇನ್ನೊಂದು ಒಳಲೆಯೂ ಕಣ್ಣೆದುರೇ ಕರಗಿ ಹೋಗುತ್ತದೆ ಎನಿಸಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಕೈ ಎತ್ತಿ ನಾನೇ ಒಂದು ಬೆಲೆ ಕೂಗಿಬಿಟ್ಟೆ.

ಮುದುಕರು ಸುತ್ತಿಗೆ ಕೆಳಗಿಟ್ಟರು. "ಮೇಡಂ, ಅದು ನಿಮ್ಮ ಹಸ್ಬೆಂಡ್ ಅಲ್ವಾ?"

"ಹೌದು ಸಾರ್."

"ಕೊನೇಗೆ ಕೂಗಿದ್ದು ಅವರೇ ಮೇಡಂ. ಹಸ್ಬೆಂಡ್ ಮೇಲೇ ಕೂಗ್ತಾ ಇದೀರಲ್ಲ!"

ಮಳಿಗೆಯೆಲ್ಲ ನಗು. ಇವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಬೆಳ್ಳಿ ಅಂಗಡಿಯವರೂ ನಕ್ಕು ಕೈ ಮುಗಿದರು. "ನಾನು ಬಿಟ್ಟೆ ಸಾರ್. ಆಯಮ್ಮನಿಗೇ ಕೊಡಿ, ಮನೇಲಿ ಜಗಳ ಆಗೋದು ಬೇಡ."

ವಿಜಯನಗರದವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ.

ಮನೆಯಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೈ ಒರೆಸಿಕೊಂಡು ಎತ್ತಿಕೊಂಡರು. ಯಾರೂ ಹೇಳಿಕೊಡದೆ ಅವರ ಹೆಬ್ಬೆರಳು ಅದರ ಬೆನ್ನಿಗೆ ಹೋಯಿತು, ಮಣಿಕಟ್ಟು ತಾನಾಗಿ ಬಾಗಿತು. "ಒಳಲೆ" ಎಂದರು.

"ಸಾಸ್ ಬೋಟ್ ಅಮ್ಮಾ" ಎಂದರು ಇವರು.

"ನಿನ್ನ ತಲೆ. ಐದು ಹೆತ್ತು ಐದಕ್ಕೂ ಇಂಥದ್ರಲ್ಲೇ ಹುಯ್ದಿದೀನಿ. ನನಗೆ ಹೇಳ್ಕೊಡ್ತೀಯಾ?" ಎಂದವರು ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಗಾಜಿನ ಬೀರುವಿನಲ್ಲಿ ಇಡು, ವಿಮಲಾ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಬಿಡಿಸಿದ ಕಾಳು ಸಿಪ್ಪೆಯ ಕಡೆಗೂ ಸಿಪ್ಪೆ ಕಾಳಿನ ಕಡೆಗೂ ಬೀಳುತ್ತಿತ್ತು.

ಇವರು ಅದರ ಅಂಚನ್ನು ಅಕ್ಕಸಾಲಿಯಿಂದ ತಟ್ಟಿಸಿ ನೇರ ಮಾಡಿಸುತ್ತೇನೆಂದರು. ಬೇಡವೆಂದೆ. ಪುಟ್ಟ ಅಕ್ಷರದಲ್ಲಿ 'ಸಾಸ್ ಬೋಟ್, ಇಂಗ್ಲೆಂಡ್' ಎಂದು ರಟ್ಟಿನ ಚೂರಿನ ಮೇಲೆ ಬರೆದು ಮುಂದಿಟ್ಟರು. ಒರೆಸುವ ನೆಪದಲ್ಲಿ ನಾನು ಆಗಾಗ ಹೊರಗೆ ತೆಗೆಯುತ್ತಿದ್ದೆ. ಧೂಳು ಹೊಗದ ಗಾಜಿನ ಬೀರುವನ್ನು ಅಷ್ಟು ಸಲ ಒರೆಸಿದವಳು ಇಡೀ ವಿಜಯನಗರದಲ್ಲಿ ನಾನೊಬ್ಬಳೇ ಇರಬೇಕು.

ಆ ಹೊತ್ತಿಗೆ ನಮ್ಮ ಮಹಡಿಗೆ ಗದಗದ ಕಡೆಯ ರೇಣುಕಾ, ಈರಣ್ಣ ಬಾಡಿಗೆಗೆ ಬಂದಿದ್ದರು. ಈರಣ್ಣ ಎಲೆಕ್ಟ್ರಿಕ್ ಕೆಲಸದವನು, ರೇಣುಕಾ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಅವಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ನಮ್ಮ ಅಡುಗೆಮನೆಯ ಲಟ್ಟಣಿಗೆಯಷ್ಟಿತ್ತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ಹೀರುವುದಕ್ಕೆ ಅದಕ್ಕಿನ್ನೂ ಶಕ್ತಿಯಿಲ್ಲ, ಎದೆಹಾಲನ್ನೇ ಹಿಂಡಿ ಒಳಲೆಯಂಥದ್ದರಲ್ಲಿ ತೊಟ್ಟು ತೊಟ್ಟಾಗಿ ಹಾಕಿ ಎಂದಿದ್ದರಂತೆ. ಅವತ್ತು ಊರಿಗೆ ಊರೇ ಬಂದ್. ಈರಣ್ಣ ಹೊಸಹಳ್ಳಿ, ಆರ್‌ಪಿಸಿ ಲೇಔಟ್ ಎಲ್ಲ ಸುತ್ತಿ ಬಂದ, ಒಂದು ಅಂಗಡಿಯ ಬಾಗಿಲೂ ತೆರೆದಿರಲಿಲ್ಲ. ಚಮಚದಲ್ಲಿ ಹಾಕಿದರೆ ಹಾಲೆಲ್ಲ ಕುತ್ತಿಗೆಗೆ. ಕೂಸಿನ ಅಳು ಸಣ್ಣದಾಗುತ್ತಾ ಬಂತು. ರೇಣುಕಾ ಅದನ್ನೆತ್ತಿಕೊಂಡು ಕೆಳಗಿಳಿದು ಬಂದಳು.

"ಅಕ್ಕಾರ, ಏನರ ಐತೇನ್ರಿ..." ಎನ್ನುತ್ತಾ ಹಜಾರಕ್ಕೆ ಬಂದವಳ ಕಣ್ಣು ಗಾಜಿನ ಬೀರುವಿನ ಮೇಲೆ ನಿಂತಿತು. "ಅಯ್ಯ, ಅಲ್ಲೇ ಐತಲ್ರೀ! ಕೂಸಿಗೆ ಹಾಲ್ ಹಾಕೂದಲ್ಲೇನ್ರಿ ಅದು?"

"ಅದು ಸಾಸ್ ಬೋಟಮ್ಮ, ಹಳೇದು, ಇಂಗ್ಲೆಂಡಿಂದು..." ಎಂದು ಇವರು ಶುರು ಮಾಡಿ, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ನಾನು ಬೀರುವಿನ ಕಡೆ ಹೆಜ್ಜೆಯಿಟ್ಟಿದ್ದೆ. ಅತ್ತೆ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ನಿನಗೆ ಬುದ್ಧಿ ಇದ್ಯಾ? ಕೂಸು ಹುಳುವಿನಂಗಿದೆ. ನಾಳೆ ಹೆಚ್ಚು ಕಮ್ಮಿ ಆದ್ರೆ ನಿನ್ನ ಹೆಸರು ಹೇಳ್ತಾರೆ ಕಣೇ. ಮಕ್ಕಳಿಲ್ಲದವಳ ಕೈಯಿಂದ ಇಸ್ಕೊಂಡ್ವಿ, ಹಿಂಗಾಯ್ತು ಅಂತಾರೆ. ಇಷ್ಟು ವರ್ಷದಿಂದ ಕೇಳಿದ್ದು ಸಾಲದಾ ನಿಂಗೆ?"

ಅವರು ಹೇಳಿದ್ದು ಸುಳ್ಳಲ್ಲ. ನೆಂಟರ ಮನೆಯ ಸೀಮಂತಗಳಲ್ಲಿ ನಾನು ಅಡುಗೆಯ ಮೇಲ್ವಿಚಾರಣೆಗೇ ನಿಲ್ಲುತ್ತಿದ್ದೆ. ಆರತಿಗೆ ಕರೆಯುವ ಹೊತ್ತಿಗೆ ಪಾಯಸದ ಪಾತ್ರೆ ಅತ್ತಿತ್ತ ಸರಿಸುತ್ತಾ, ಕೈ ಬಿಡುವಿಲ್ಲದವಳ ಹಾಗೆ ಇರುತ್ತಿದ್ದೆ. ಹಜಾರದಿಂದ ಕೂಸಿನ ಅಳು ಕೇಳುತ್ತಿತ್ತು, ಬೆಕ್ಕಿನ ಮರಿಯ ಹಾಗೆ. ರೇಣುಕಾಗೆ ಎಲ್ಲವೂ ಕೇಳಿಸಿರಬೇಕು. ಅಲ್ಲಿಂದಲೇ ಕೂಗಿದಳು: "ಅಮ್ಮಾರ, ಹಸಿದ ಕೂಸಿಗೆ ಯಾರ ಮನೀದಂತ ಗೊತ್ತಿರ್ತದೇನ್ರಿ? ಕೊಡ್ರಿ ಲಗೂನ!"

ಅತ್ತೆ ತಾವೇ ಹೋಗಿ ಬೀರು ತೆಗೆದು, ಒಳಲೆಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಒರೆಸಿ, ತಮ್ಮ ಕೈಯಾರೆ ರೇಣುಕಾಗೆ ಕೊಟ್ಟರು. "ಕೊಡ್ತಿರೋದು ನಾನು. ಐದು ಹೆತ್ತು ಐದನ್ನೂ ಉಳಿಸ್ಕೊಂಡ ಕೈ ಇದು. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು" ಎಂದರು. ಆಪತ್ತನ್ನು ತಮ್ಮ ಮೇಲೆ ಎಳೆದುಕೊಂಡರು, ನನಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ನನ್ನ ಎರಡೂ ಕೈಗಳು ಏನೂ ಇಲ್ಲದೆ ಇಳಿಬಿದ್ದಿದ್ದು ಈಗಲೂ ಮರೆಯುವುದಿಲ್ಲ.

ಗುಟುಕ್ ಎಂದಿತು. ಹಜಾರದಲ್ಲಿದ್ದವರೆಲ್ಲ ಉಸಿರು ಬಿಟ್ಟೆವು.

ಮರುದಿನ ಅಂಗಡಿಗಳು ತೆರೆದವು. ಈರಣ್ಣ ಸ್ಟೀಲಿನದೊಂದು ತಂದ. ಒಗ್ಗಿದ ಪಾತ್ರೆ ಬದಲಾಯಿಸಬಾರದೆಂದು ಅತ್ತೆ ಅದನ್ನು ಮೂಲೆಗಿಡಿಸಿದರು. ಇಂಗ್ಲೆಂಡಿನ ಒಳಲೆ ಮಹಡಿಯಲ್ಲೇ ಉಳಿಯಿತು. ಗಾಜಿನ ಬೀರುವಿನಲ್ಲಿ ರಟ್ಟಿನ ಚೂರು ಮಾತ್ರ. ಇವರು ಲೈಬ್ರರಿಯಲ್ಲಿ ಯಾವುದೋ ಪುಸ್ತಕ ನೋಡಿ ಬಂದು, "ಅವರ ದೇಶದಲ್ಲೂ ಅದು ಮಕ್ಕಳಿಗೇನೇ ಅಂತೆ ಕಣೇ. ಬ್ರೆಡ್ಡು ಹಾಲಲ್ಲಿ ಕಲೆಸಿ ಹುಯ್ತಿದ್ರಂತೆ" ಎಂದರು. ಸಿಂಹದ ಮುದ್ರೆಯ ಮನೆಯಲ್ಲೂ ಯಾರೋ ಒಬ್ಬಳು ಕಾಲು ಚಾಚಿ ಕೂತಿದ್ದಳು ಎಂದು ನನಗೆ ಸಂತೋಷವಾಯಿತು.

ಕೂಸು ಮೈ ಕೈ ತುಂಬಿಕೊಂಡಿತು. ರೇಣುಕಾ ಮತ್ತೆ ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದಾಗ ಅದನ್ನು ನಮ್ಮಲ್ಲೇ ಬಿಟ್ಟು ಹೋಗುತ್ತಿದ್ದಳು. ಮೊದಮೊದಲು ಅತ್ತೆಯೇ ಹಾಲು ಹಾಕುತ್ತಿದ್ದರು, ನಾನು ಪಕ್ಕದಲ್ಲಿ ಬಟ್ಟೆ ಹಿಡಿದು ಕೂರುತ್ತಿದ್ದೆ. ಒಂದು ಮಧ್ಯಾಹ್ನ, "ನನ್ನ ಮಣಿಕಟ್ಟು ನೋಯ್ತಾ ಇದೆ. ನೀನೇ ಹಾಕು" ಎಂದರು. ಅರ್ಧ ಗಂಟೆಯ ಹಿಂದೆ ಅದೇ ಮಣಿಕಟ್ಟಿನಲ್ಲಿ ಒರಳಲ್ಲಿ ಚಟ್ನಿ ರುಬ್ಬಿದ್ದರು.

ಕಾಲು ಚಾಚಿದೆ. ಮೊಳಕಾಲಿನ ಮೇಲೆ ಆ ಬೆಚ್ಚಗಿನ ಭಾರ. "ಕೊಕ್ಕು ಬಾಯಂಚಿಗಿಡು. ಮಧ್ಯಕ್ಕೆ ಬೇಡ, ನೆತ್ತಿಗೇರತ್ತೆ. ಹೆದರ್ಕೋಬೇಡ, ಅದಕ್ಕೆ ಗೊತ್ತು" ಎಂದು ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದರು. ಕೂಸು ನನ್ನನ್ನೇ ನೋಡುತ್ತಾ ಕುಡಿಯಿತು. ಆಮೇಲೆ ದಿನಾ ಅತ್ತೆಗೆ ಅದೇ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು. ಹಾಲಾಯಿತು, ರಾಗಿಸರಿಯಾಯಿತು. ಒಳಲೆ ಬಿಟ್ಟು ಲೋಟ ಹಿಡಿಯುವ ವಯಸ್ಸಾದರೂ ಮಧ್ಯಾಹ್ನದ ಹಾಲಿಗೆ ಮಗುವಿಗೆ ಒಳಲೆಯೇ ಬೇಕು, ನನ್ನ ಕಾಲೇ ಬೇಕು.

ನಮ್ಮ ಊರಂಚಿನ ಉಲ್ಲಾಳದಲ್ಲಿ ಈರಣ್ಣ, ರೇಣುಕಾ ಸಣ್ಣದೊಂದು ಮನೆ ಕಟ್ಟಿಕೊಂಡರು. ಉಲ್ಲಾಳವೇನು ದೂರ, ಬಸ್ಸಿದೆ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಸಾಮಾನು ಲಾರಿಗೆ ಏರಿದ ಮೇಲೆ ರೇಣುಕಾ ಒಳಲೆಯನ್ನು ತೊಳೆದು, ಸಕ್ಕರೆ ಹಾಕಿ ತಂದಳು. ಅವರ ಕಡೆಯಲ್ಲೂ ಬರಿದಾಗಿ ಕೊಡುವುದಿಲ್ಲವಂತೆ. ಹೊರಡುವ ಹೆಣ್ಣಿಗೆ ಮಡಿಲು ತುಂಬಬೇಕೆಂದು ಅತ್ತೆ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಜೋಡಿಸಿಟ್ಟುಕೊಂಡು ಎದ್ದರು. ನಾನು ಅಭ್ಯಾಸಬಲದಿಂದ ಅಡುಗೆಮನೆ ಬಾಗಿಲಿಗೆ ಸರಿದೆ.

"ಅಮ್ಮಾರ, ತಪ್ ತಿಳ್ಕೋಬ್ಯಾಡ್ರಿ" ಎಂದಳು ರೇಣುಕಾ. "ನನಗ ಉಡಿ ಅಕ್ಕಾರ ತುಂಬ್ಲಿ."

ಅತ್ತೆ ನನ್ನನ್ನು ನೋಡಿದರು. ಮೊರವನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ರೇಣುಕಾ ಸೆರಗು ಒಡ್ಡಿ ನಿಂತಳು. ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ. ನಾಲ್ಕು ಕಾಳು ಅಕ್ಕಿ ಹೊರಗೆ ಬಿತ್ತು. ಕೊನೆಗೆ ಒಳಲೆಯನ್ನು ತೆಗೆದುಕೊಂಡು, ಇವರ ಮುಖ ನೋಡಿದೆ. ಒಂದು ಲೇಪದ ಚಮಚವನ್ನೂ ಯಾರ ಕೈಗೂ ಕೊಡದವರು. ಇವರು ಭೂತಗನ್ನಡಿ ಒರೆಸಿಕೊಳ್ಳುತ್ತಾ, "ಎರಡನೇದಕ್ಕೂ ಬೇಕಾಗತ್ತಲ್ಲ" ಎಂದರು. ಸಕ್ಕರೆಯ ಸಮೇತ ಒಳಲೆಯನ್ನು ಅವಳ ಸೆರಗಿಗೆ ಹಾಕಿದೆ. ಅವಳು ಅದನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಾರಿಯ ಮುಂದಿನ ಸೀಟಿನಿಂದ ಮಗು ನನ್ನ ಕಡೆ ಕೈ ಚಾಚಿ, ಲಾರಿ ಹೊರಟ ಸದ್ದಿಗೆ ಮರೆತು ಅತ್ತ ತಿರುಗಿತು.

ಮನೆ ಗುಡಿಸಿದೆ. ಬಟ್ಟೆ ಒಣಹಾಕಿದೆ. ಊಟ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಒಲೆಯ ಮುಂದೆ ನಿಂತು ಬೆರಳದ್ದಿ ನೋಡಿದಾಗಲೇ ನನಗೆ ಗೊತ್ತಾದದ್ದು, ಹಾಲು ಉಗುರುಬೆಚ್ಚಗೆ ಮಾಡಿ ಇಳಿಸಿದ್ದೇನೆ. ಪಾತ್ರೆ ಹಿಡಿದುಕೊಂಡು ಹಾಗೇ ನಿಂತೆ.

ಹಜಾರದಲ್ಲಿ ಗೋಡೆಗೊರಗಿದ್ದ ಅತ್ತೆ ಕಣ್ಣು ತೆರೆಯದೆ ಹೇಳಿದರು: "ಅದಕ್ಕೆ ಒಂಚೂರು ಡಿಕಾಕ್ಷನ್ ಹಾಕು ವಿಮಲಾ. ನಾವಿಬ್ಬರೂ ಕುಡಿಯೋಣ."